ಡ್ಯಾಡ್ಸ್ ಆರ್ಮಿಗೆ ಐವತ್ತು: ಥೆಟ್‌ಫರ್ಡ್‌ನಲ್ಲಿ ನಾವು ಸೇರಿದ್ದು ಹೀಗೆ

1968ರ ಜುಲೈ 31, ಬುಧವಾರ. ಬಿಬಿಸಿಯಲ್ಲಿ ‘ಡ್ಯಾಡ್ಸ್ ಆರ್ಮಿ’ ಅನ್ನುವ ಹಾಸ್ಯ ಧಾರಾವಾಹಿಯ ಮೊದಲ ಕಂತು ಬಂದದ್ದು ಅವತ್ತು. ಆಗ ಹತ್ತು ವರ್ಷದವರಾಗಿದ್ದವರಿಗೆ 2018ರಲ್ಲಿ ಅರವತ್ತು. ಅವರ ಅಪ್ಪ ಅಮ್ಮ ಇನ್ನೂ ಇದ್ದರೆ ಎಂಬತ್ತು ದಾಟಿರುತ್ತದೆ. ಐವತ್ತನೇ ವರ್ಷಕ್ಕೆ ಅಭಿಮಾನಿಗಳೆಲ್ಲ ಒಂದು ದಿನ ಸೇರೋಣ ಅಂತ ಮಾತು ಬಂದಾಗ ನಾನು ಮೊದಲು ಹಾಕಿದ್ದು ಈ ಲೆಕ್ಕ. ಊರು, ದಿನ, ಊಟ, ಕುರ್ಚಿ ಎಲ್ಲವನ್ನೂ ಆಮೇಲೆ ಇದರ ಮೇಲೆಯೇ ಗೊತ್ತುಮಾಡಿದೆವು.

ನೋಡದವರಿಗೆ ಎರಡು ಮಾತು. ಎರಡನೇ ಮಹಾಯುದ್ಧದಲ್ಲಿ ಸೇನೆಗೆ ಸೇರಲಾಗದ ಗಂಡಸರನ್ನು ಸೇರಿಸಿ ಬ್ರಿಟನ್ ‘ಹೋಮ್ ಗಾರ್ಡ್’ ಅಂತ ಒಂದು ಕಾವಲು ಪಡೆ ಕಟ್ಟಿತು. ವಯಸ್ಸಾದವರು, ಹುಡುಗರು, ಮನೆ ಬಿಟ್ಟು ಬರಲಾಗದವರು. ವಾಲ್ಮಿಂಗ್ಟನ್-ಆನ್-ಸೀ ಅನ್ನುವ ಕಾಲ್ಪನಿಕ ಊರಲ್ಲಿ ಇಂಥ ಒಂದು ತುಕಡಿ. ಬ್ಯಾಂಕ್ ಮ್ಯಾನೇಜರ್ ಮ್ಯಾನರಿಂಗ್ ಅದರ ಕ್ಯಾಪ್ಟನ್, ಅವರ ಕೈಕೆಳಗಿನ ಗುಮಾಸ್ತ ವಿಲ್ಸನ್ ಸಾರ್ಜೆಂಟ್, ಮಾಂಸದಂಗಡಿಯ ಜೋನ್ಸ್ ಕಾರ್ಪೊರಲ್. ನಮ್ಮೂರ ಸಹಕಾರಿ ಬ್ಯಾಂಕಿನ ಮ್ಯಾನೇಜರು ಹಿಟ್ಲರ್ ಬಂದರೆ ನಾನೇ ತಡೀತೀನಿ ಅಂತ ಎದ್ದು ನಿಂತ ಹಾಗೆ. 1977ರ ತನಕ ಒಂಬತ್ತು ಸರಣಿ, 80 ಕಂತು. ಬರೆದ ಇಬ್ಬರಲ್ಲಿ ಜಿಮ್ಮಿ ಪೆರ‍್ರಿ ಹುಡುಗನಾಗಿದ್ದಾಗ ಹೋಮ್ ಗಾರ್ಡ್‌ನಲ್ಲೇ ಇದ್ದವರು. ಇನ್ನೊಬ್ಬರು ಡೇವಿಡ್ ಕ್ರಾಫ್ಟ್.

ನಾನಿರುವುದು ಇಂಗ್ಲೆಂಡಿನ ನಾರಿಚ್‌ನಲ್ಲಿ. ಶನಿವಾರ ಸಂಜೆಯ ಮರುಪ್ರಸಾರ ನೋಡಿ ನೋಡಿ ಹುಚ್ಚು ಹಿಡಿದದ್ದು. ನಮ್ಮ ಗುಂಪಿನಲ್ಲಿ ಕನ್ನಡದವನು ನಾನೊಬ್ಬನೇ. ನೆನಪಿನಿಂದ ಅಲ್ಲ, ಬರೀ ನಗುವಿನಿಂದ ಬಂದವನೂ ನಾನೊಬ್ಬನೇ. ಬಹುಶಃ ಅದಕ್ಕೇ ಲೆಕ್ಕಪತ್ರ ನನ್ನ ತಲೆಗೆ ಕಟ್ಟಿದರು.

ಊರು ಯಾವುದು ಅನ್ನುವುದರಲ್ಲಿ ಚರ್ಚೆಯೇ ಆಗಲಿಲ್ಲ. ಕಥೆಯ ಊರು ಇಂಗ್ಲೆಂಡಿನ ದಕ್ಷಿಣ ಕರಾವಳಿಯದು. ಆದರೆ ಹೊರಾಂಗಣ ಚಿತ್ರೀಕರಣ ನಡೆದದ್ದು ನಾರ್ಫಕ್‌ನ ಥೆಟ್‌ಫರ್ಡ್ ಸುತ್ತಮುತ್ತ. ಪಕ್ಕದಲ್ಲೇ ಸೈನ್ಯದ ದೊಡ್ಡ ತರಬೇತಿ ಜಾಗ ಇದೆ, ಓಡಾಟ, ಸ್ಫೋಟ ಎಲ್ಲದಕ್ಕೂ ಅನುಕೂಲ. ಕಲಾವಿದರು ಬೆಲ್ ಹೋಟೆಲಿನಲ್ಲಿ ಉಳಿಯುತ್ತಿದ್ದರು. ಊರಿನ ಗಿಲ್ಡ್‌ಹಾಲ್ ಪರದೆಯ ಮೇಲೆ ವಾಲ್ಮಿಂಗ್ಟನ್‌ನ ಟೌನ್ ಹಾಲ್ ಆಗಿದೆ. ಹೊಳೆ ದಂಡೆಯಲ್ಲಿ 2010ರಿಂದ ಮ್ಯಾನರಿಂಗ್ ಕಂಚಿನ ವಿಗ್ರಹವಾಗಿ ಬೆಂಚಿನ ಮೇಲೆ ಕೂತಿದ್ದಾರೆ, ಪಕ್ಕದಲ್ಲಿ ನಮಗೂ ಜಾಗ ಬಿಟ್ಟು. ಇದೆಲ್ಲ ನಿಧಾನಕ್ಕೆ ನಡೆಯುವವರಿಗೂ ಎಟಕುವಷ್ಟು ಹತ್ತಿರ ಹತ್ತಿರ ಇದೆ. ನೆಲವೂ ಹೆಚ್ಚುಕಮ್ಮಿ ಸಮ. ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆಯ ಯಾತ್ರಾಸ್ಥಳ ಸಿಗೋದು ಕಷ್ಟ.

ದಿನದ ವಿಷಯದಲ್ಲಿ ಮಾತ್ರ ಜಗ್ಗಾಟ ಆಯಿತು. 2018ರ ಜುಲೈ 31 ಮಂಗಳವಾರ ಬಿತ್ತು. ಆ ದಿನವೇ ಆಗಬೇಕು ಅಂದವರು ಕೆಲವರು. ಆದರೆ ಥೆಟ್‌ಫರ್ಡ್‌ನ ಡ್ಯಾಡ್ಸ್ ಆರ್ಮಿ ಮ್ಯೂಸಿಯಂ ನಡೆಸುವವರು ಸ್ವಯಂಸೇವಕರು, ವಾರವಿಡೀ ತೆರೆದಿರುವುದಿಲ್ಲ. ಕೆಲಸಕ್ಕೆ ಹೋಗುವ ಮಕ್ಕಳು ಕಾರಲ್ಲಿ ಕರೆತಂದರೆ ಮಾತ್ರ ಬರಬಲ್ಲ ಹಿರಿಯರು ಜಾಸ್ತಿ. ಹಾಗಾಗಿ ಹತ್ತಿರದ ಶನಿವಾರ ಅಂತ ನಿಂತೆವು. ಹಾಲ್ ಸಿಕ್ಕಿತಾ, ಮ್ಯೂಸಿಯಂ ತೆರೆದಿದೆಯಾ, ಈ ಎರಡಕ್ಕೂ ಉತ್ತರ ಬರುವ ತನಕ ಯಾರಿಗೂ ತಾರೀಖು ಹೇಳಬೇಡಿ. ಒಮ್ಮೆ ಹೇಳಿದ ಮೇಲೆ ಜನ ರೈಲಿನ ಟಿಕೆಟ್ ತೆಗೆದುಬಿಡುತ್ತಾರೆ.

ಹಾಲ್‌ನಲ್ಲಿ ಒಂದು ಕಂತು ಹಾಕೋಣ ಅಂತ ಎಲ್ಲರಿಗೂ ಆಸೆ. ಮನೆಗೆ ಕೊಂಡ ಡಿವಿಡಿ ಮನೆಯಲ್ಲಿ ನೋಡಲಿಕ್ಕೆ ಮಾತ್ರ. ಹತ್ತು ಜನ ಹೊರಗಿನವರನ್ನು ಸೇರಿಸಿ ಹಾಕಿದರೆ ಅದು ಸಾರ್ವಜನಿಕ ಪ್ರದರ್ಶನ, ಹಕ್ಕುದಾರರ ಅನುಮತಿ ಬೇಕು. ದುಡ್ಡು ತೆಗೆದುಕೊಳ್ಳುತ್ತಿಲ್ಲ ಅಂದರೂ ಬೇಕು. ನಾವು ತಿಂಗಳುಗಟ್ಟಲೆ ಮೊದಲೇ ಬರೆದು, ಶುಲ್ಕ ಕಟ್ಟಿ, ಒಂದೇ ಒಂದು ಕಂತಿಗೆ ಒಪ್ಪಿಗೆ ತೆಗೆದುಕೊಂಡೆವು. 1973ರ ‘ದಿ ಡೆಡ್ಲಿ ಅಟ್ಯಾಚ್‌ಮೆಂಟ್’. ಸೆರೆಸಿಕ್ಕ ಜರ್ಮನ್ ಸಬ್‌ಮರೀನ್ ಕ್ಯಾಪ್ಟನ್ ತುಕಡಿಯ ಪೈಕ್ ಎಂಬ ಹುಡುಗನ ಹೆಸರು ಕೇಳುತ್ತಾನೆ. ಹೇಳಬೇಡ ಅಂತ ಕೂಗಲು ಹೋಗಿ ಮ್ಯಾನರಿಂಗ್ ತಾನೇ ಹೆಸರು ಉಸುರಿಬಿಡುತ್ತಾರೆ. ಆ ಮಾತು ಬರುವ ಮೊದಲೇ ಇಡೀ ಹಾಲ್ ಒಟ್ಟಿಗೆ ಕೂಗಿತು. ನನ್ನ ಪ್ರಕಾರ ಒಂದು ಕಂತು ಸಾಕು. ಬಂದವರೆಲ್ಲರ ಮನೆಯಲ್ಲೂ ಡಿವಿಡಿ ಇದೆ, ಅಲ್ವಾ? ಅವರು ಬರುವುದು ಇನ್ನೊಬ್ಬರ ಜೊತೆ ಮಾತಾಡಲಿಕ್ಕೆ. ಮೂರು ಭಾಷಣ ಇಡಬೇಕು ಅಂದವರಿದ್ದರು, ಕೊನೆಗೆ ಒಂದಕ್ಕೆ ಇಳಿಸಿದೆವು. ಸಬ್‌ಟೈಟಲ್ ಹಾಕಲೇಬೇಕು. ಕಿವಿಯ ಮಷೀನಿಗೆ ನೇರ ಸದ್ದು ಕಳಿಸುವ ಲೂಪ್ ಇರುವ ಹಾಲೇ ಹುಡುಕಿದ್ದು ನಾವು. ಇದ್ದರೆ ಸಾಲದು, ಹಿಂದಿನ ದಿನ ಹಚ್ಚಿ ನೋಡಬೇಕು.

ಇನ್ನು ವೇಷ. ಹೋಮ್ ಗಾರ್ಡ್ ಸಮವಸ್ತ್ರ ಒರಟು ಉಣ್ಣೆಯದು, ಭಾರ. 2018ರ ಬೇಸಿಗೆಯಲ್ಲೋ ಬ್ರಿಟನ್ ಬಿಸಿಲಲ್ಲಿ ಬೆಂದುಹೋಗಿತ್ತು, ಜುಲೈ ಕೊನೆಯಂತೂ ಕೇಳಲೇಬೇಡಿ. ಪೂರ್ತಿ ಸಮವಸ್ತ್ರ ಬೆಳಿಗ್ಗೆಯ ಗುಂಪು ಫೋಟೋಗೆ ಮಾತ್ರ, ಆಮೇಲೆ ಬರೀ ಟೋಪಿ ಅಂತ ನಿಯಮ ಮಾಡಿದೆವು. ಖರ್ಚಿಲ್ಲದ ವೇಷಗಳೂ ಇವೆ. ‘ಡಬ್ಲ್ಯೂ’ ಬರೆದ ಬಿಳಿ ಹೆಲ್ಮೆಟ್ ಹಾಕಿದರೆ ಊರಿನ ವಾಯುದಾಳಿ ವಾರ್ಡನ್ ಹಾಜಸ್. ಕೆಂಗಂದು-ನೀಲಿ ಸ್ಕಾರ್ಫ್ ಸುತ್ತಿದರೆ ಪೈಕ್. ಅವು ಆಸ್ಟನ್ ವಿಲ್ಲಾ ತಂಡದ ಬಣ್ಣ, ನಟ ಇಯಾನ್ ಲ್ಯಾವೆಂಡರ್ ಆ ತಂಡದ ಅಭಿಮಾನಿಯಾಗಿದ್ದರು. ಬಂದೂಕಿನ ಮಾತು ಬಂದಾಗ ಮಾತ್ರ ನಾವು ಬಗ್ಗಲಿಲ್ಲ. ಇಲ್ಲಿ ಸರಿಯಾದ ಕಾರಣ ಇಲ್ಲದೆ ನಕಲಿ ಬಂದೂಕು ಹಿಡಿದು ರಸ್ತೆಯಲ್ಲಿ ಓಡಾಡುವುದೂ ಅಪರಾಧ. ಹಾಗಾಗಿ ಎಲ್ಲರ ಕೈಗೂ ಪೊರಕೆ ಕೋಲು. ಇದು ಸುಮ್ನೆ ತಮಾಷೆಯಲ್ಲ. 1940ರ ಮೇನಲ್ಲಿ ಈ ಪಡೆ ಶುರುವಾದಾಗ ಬಂದೂಕು ಸಾಲದೆ ಜನ ನಿಜಕ್ಕೂ ಪೊರಕೆ ಕೋಲು ಹಿಡಿದೇ ಕವಾಯತು ಮಾಡಿದ್ದರು.

ಊಟಕ್ಕೆ ವೂಲ್ಟನ್ ಪೈ ಮಾಡಿಸಿದೆವು. ಯುದ್ಧಕಾಲದ ಆಹಾರ ಮಂತ್ರಿ ಲಾರ್ಡ್ ವೂಲ್ಟನ್ ಹೆಸರಿನದು. ಆಲೂಗಡ್ಡೆ, ಕ್ಯಾರೆಟ್, ಹೂಕೋಸು ಹೀಗೆ ಬರೀ ತರಕಾರಿ. ಸಸ್ಯಾಹಾರಿ ಆದ ನನಗೆ ಇದರಲ್ಲಿ ಸ್ವಾರ್ಥವೂ ಇತ್ತು. ಚಹಾಕ್ಕೆ ಮಾತ್ರ ರೇಷನ್ ಅನ್ವಯಿಸಲಿಲ್ಲ. 1940ರ ಜುಲೈಯಲ್ಲಿ ತಲೆಗೆ ವಾರಕ್ಕೆ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ ಚಹಾಪುಡಿ ಸಿಗುತ್ತಿತ್ತು. ನಮ್ಮವರು ಅಷ್ಟನ್ನು ಮಧ್ಯಾಹ್ನದೊಳಗೆ ಮುಗಿಸುತ್ತಾರೆ.

ಹಾಲ್ ನೋಡಲು ಹೋದಾಗ ನನ್ನ ಹೆಂಡತಿ ಮೊದಲು ನೋಡಿದ್ದು ವೇದಿಕೆಯನ್ನಲ್ಲ. “ಎರಡು ಟಾಯ್ಲೆಟ್ ಯಾವ ಮೂಲೆಗೆ ಸಾಲುತ್ತೆ ಕಣ್ರೀ?” ಅಂದಳು. ಸರಿಯಾಗಿಯೇ ಅಂದಳು. ತುಕಡಿಯ ಗಾಡ್‌ಫ್ರೀ ಅಜ್ಜ ಪ್ರತಿ ಗಂಭೀರ ಘಳಿಗೆಯಲ್ಲೂ ಹೊರಗೆ ಹೋಗಿಬರಲು ಅಪ್ಪಣೆ ಕೇಳುತ್ತಾರೆ, ಅದನ್ನು ನೋಡಿ ನಗುವವರೇ ಈಗ ಆ ವಯಸ್ಸಿನವರು. ಬೇರೆ ಹಾಲ್ ಹಿಡಿದೆವು. ವಿಮೆ ಹಾಲಿನವರದ್ದೇ ಇತ್ತು, ನಮ್ಮ ಕಾರ್ಯಕ್ರಮಕ್ಕೂ ಅನ್ವಯಿಸುತ್ತದಾ ಅಂತ ಬರೆಸಿಕೊಂಡರೆ ಆಯಿತು.

ಕ್ವಿಜ್‌ನ ಪ್ರಶ್ನೆಗಳನ್ನು ಪಾತ್ರಗಳ ಬಗ್ಗೆ ಇಡದೆ ನಟರ ಬಗ್ಗೆ ಇಟ್ಟೆ. ಮುದುಕ ಜೋನ್ಸ್ ಆದ ಕ್ಲೈವ್ ಡನ್‌ಗೆ ಶುರುವಿನಲ್ಲಿ ಐವತ್ತೂ ಆಗಿರಲಿಲ್ಲ. ಗಾಡ್‌ಫ್ರೀ ಆದ ಆರ್ನಲ್ಡ್ ರಿಡ್ಲಿ ಮೊದಲ ಮಹಾಯುದ್ಧದ ಸೊಮ್ ಕದನದಲ್ಲಿ ಗಾಯಗೊಂಡವರು. ತುಕಡಿಯ ಇನ್ನೊಬ್ಬ ಮುದುಕ ಫ್ರೇಜರ್ ಆದ ಜಾನ್ ಲಾರಿ ನಿಜವಾದ ಹೋಮ್ ಗಾರ್ಡ್‌ನಲ್ಲೂ ಇದ್ದವರು. ಎರಡನೇ ಸರಣಿಯ ಮೂರು ಕಂತುಗಳ ದೃಶ್ಯ ಕಳೆದುಹೋಗಿದೆ, ಇನ್ನೂ ಸಿಕ್ಕಿಲ್ಲ, ಅವುಗಳ ಹೆಸರು ಹೇಳಿ ಅಂದಾಗ ಮಾತ್ರ ಹಾಲ್‌ನಲ್ಲಿ ಗಲಾಟೆ ಎದ್ದಿತು.

ಮಧ್ಯಾಹ್ನ ಹೊಳೆ ಕಡೆ ಹೋದಾಗ ಕೆಲವರನ್ನು ಬಟನ್ ಐಲೆಂಡಿಗೂ ಕರೆದುಕೊಂಡು ಹೋದೆ. ಅಲ್ಲಿ ಕುದುರೆ ಏರಿದ ಮಹಾರಾಜ ದುಲೀಪ್ ಸಿಂಗ್ ಪ್ರತಿಮೆ ಇದೆ. ಪಂಜಾಬಿನ ಕೊನೆಯ ಸಿಖ್ ದೊರೆ, ಬದುಕಿದ್ದು ಪಕ್ಕದ ಎಲ್ವೆಡನ್‌ನಲ್ಲಿ. ಆಗ ಒಬ್ಬ ಹಿರಿಯರು, ಇದೇ ಲೇಖಕರ ‘ಇಟ್ ಏಂಟ್ ಹಾಫ್ ಹಾಟ್ ಮಮ್’ ನಿಮಗೆ ಇಷ್ಟವಾ ಅಂತ ಕೇಳಿದರು. ಪೆರ‍್ರಿ ನಾಸಿಕ್ ಹತ್ತಿರದ ದೇವಲಾಲಿಯಲ್ಲಿ ಸೈನಿಕರಿಗೆ ಮನರಂಜನೆ ನೀಡಿದ ನೆನಪಿನಿಂದ ಹುಟ್ಟಿದ ಸರಣಿ ಅದು. ಬಿಳಿಯ ನಟ ಕಂದು ಬಣ್ಣ ಬಳಿದುಕೊಂಡು ಭಾರತೀಯನಾಗಿ ನಟಿಸಿದ್ದಾರೆ. ಇಲ್ಲ, ಅದನ್ನು ಪೂರ್ತಿ ನೋಡಲಾಗಲಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಮೊಮ್ಮಗಳೂ ಹೀಗೇ ಹೇಳಿದಳು ಅಂದರು.

ಖರ್ಚು ಕಳೆದು ಉಳಿದದ್ದನ್ನು ಮ್ಯೂಸಿಯಂ ಡಬ್ಬಿಗೆ ಹಾಕಿದೆವು. ಅರವತ್ತಕ್ಕೆ, 2028ರಲ್ಲಿ, ಜುಲೈ 31 ಸೋಮವಾರ. ಅಂದರೆ 29ರ ಶನಿವಾರಕ್ಕೆ ಹಾಲ್ ಕೇಳಬೇಕು. ಈ ಸಲ ಪ್ರತಿ ಬಾಗಿಲ ಹತ್ತಿರವೂ ಎರಡೆರಡು ಕುರ್ಚಿ ಜಾಸ್ತಿ ಇಡುವವರಿದ್ದೇವೆ.