ವಾರ್ಷಿಕೋತ್ಸವದ ಕೂಟಕ್ಕೆ ದೂರದಿಂದ ಬರುವವರಿಗೆ

ನಮ್ಮ ಅಭಿಮಾನಿ ಬಳಗದ ವಾರ್ಷಿಕೋತ್ಸವಕ್ಕೆ ದೂರದಿಂದ ಹೊರಟವರಿಗೆ ಒಂದು ಮಾತು. ದಿನ, ಜಾಗ ಎರಡೂ ಖಚಿತವಾಗುವವರೆಗೆ ಹಣ ವಾಪಸ್ ಬಾರದ ಟಿಕೆಟ್ ತೆಗೆಯಬೇಡಿ. ಒಮ್ಮೆ ನಾನು ಅವಸರಪಟ್ಟೆ. ಕೂಟ ಒಂದು ವಾರ ಮುಂದಕ್ಕೆ ಹೋಯಿತು, ಟಿಕೆಟ್ ದುಡ್ಡು ಪೂರ್ತಿ ಹೋಯಿತು. ರೂಮಿಗೆ ಮಾತ್ರ ಕಾಯಬೇಡಿ. ರದ್ದು ಮಾಡಬಹುದಾದ ದರದಲ್ಲಿ ಈಗಲೇ ಹಿಡಿದಿಡಿ.

ಬೇರೆ ದೇಶದಿಂದ ಬರುವವರು ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡಿ. ಅವಧಿ ಮುಗಿದಿಲ್ಲ ಅಂದ್ರೆ ಸಾಲದು, ಎಷ್ಟೋ ದೇಶಗಳು ಇನ್ನೂ 6 ತಿಂಗಳು ಬಾಕಿ ಇರಬೇಕು ಎನ್ನುತ್ತವೆ. ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ ಎರಡೂ ಒಂದೇ ಬುಕಿಂಗಿನಲ್ಲಿರಲಿ. ಬೇರೆ ಬೇರೆ ತೆಗೆದರೆ ಕೆಲವೊಮ್ಮೆ ಅಗ್ಗ, ನಿಜ. ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿತು ಅಂದುಕೊಳ್ಳಿ. ಆಗ ಹೊಸ ಟಿಕೆಟ್ ಸಾಮಾನ್ಯವಾಗಿ ನಿಮ್ಮ ಕೈಯಿಂದಲೇ.

ಹಿಂದಿನ ದಿನವೇ ತಲುಪಿ. ಹಲವು ಟೈಮ್ ಝೋನ್ ದಾಟುವವರು ಇನ್ನೊಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಎಲ್ಲರೂ ಗ್ರೂಪ್ ಫೋಟೋಗೆ ನಿಂತಾಗ ನೀವು ಮೂಲೆಯಲ್ಲಿ ತೂಕಡಿಸುತ್ತಿರುತ್ತೀರಿ, ಅಲ್ವಾ?

ಪವರ್ ಬ್ಯಾಂಕನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಜೊತೆಯ ಬ್ಯಾಗಿನಲ್ಲೇ ಇರಬೇಕು. ಅದರ ಸಾಮರ್ಥ್ಯ 100 ವ್ಯಾಟ್-ಅವರ್ (Wh) ಮೀರಿದ್ದರೆ ವಿಮಾನ ಸಂಸ್ಥೆಯ ಒಪ್ಪಿಗೆ ಕೇಳಿ. ವೇಷ ಹಾಕುವವರ ಆಟಿಕೆ ಕತ್ತಿ, ಬಂದೂಕು ಚೆಕ್-ಇನ್ ಲಗೇಜಿಗೇ ಹೋಗಲಿ, ಭದ್ರತಾ ತಪಾಸಣೆಯಲ್ಲಿ ಸುಮ್ನೆ ವಾದ ಬೇಡ. ಸೂಟ್‌ಕೇಸಿನಲ್ಲಿ ಸ್ವಲ್ಪ ಜಾಗ ಖಾಲಿ ಬಿಟ್ಟು ಬನ್ನಿ. ಪೋಸ್ಟರ್, ಟೀ-ಶರ್ಟ್ ಏನೂ ಕೊಳ್ಳದೆ ವಾಪಸ್ ಹೋದವರನ್ನು ನಾನಂತೂ ನೋಡಿಲ್ಲ.