ನಾರ್ಮಾಲಿಟಿಯನ್ನು ಸರಿಯಾಗಿ ಬಳಸುವ ಬಗೆ

ಒಂದು ಲೀಟರ್ ದ್ರಾವಣದಲ್ಲಿ ಕರಗಿರುವ ವಸ್ತುವಿನ ಗ್ರಾಂ ಈಕ್ವಿವಲೆಂಟ್‌ಗಳ ಸಂಖ್ಯೆಯೇ ಆ ದ್ರಾವಣದ ನಾರ್ಮಾಲಿಟಿ ಎಂಬ ವ್ಯಾಖ್ಯೆ ರಸಾಯನಶಾಸ್ತ್ರ ಓದಿದವರಿಗೆಲ್ಲ ಬಾಯಿಪಾಠವಾಗಿರುತ್ತದೆ. ಲೆಕ್ಕ ತಪ್ಪುವುದು ಬಹುಮಟ್ಟಿಗೆ ಒಂದು ಗ್ರಾಂ ಈಕ್ವಿವಲೆಂಟಿನ ತೂಕವನ್ನು, ಅಂದರೆ ಈಕ್ವಿವಲೆಂಟ್ ತೂಕವನ್ನು, ಅಣುತೂಕದ ಹಾಗೆ ವಸ್ತುವಿನ ಸ್ಥಿರ ಗುಣವೆಂದು ಭಾವಿಸಿದಾಗ. ಆದ್ದರಿಂದ ತಕ್ಕಡಿಯ ಬಳಿಗೆ ಹೋಗುವ ಮೊದಲೇ, ಈ ವಸ್ತು ಯಾವ ಕ್ರಿಯೆಯಲ್ಲಿ ಭಾಗವಹಿಸಲಿದೆ ಎಂಬುದನ್ನು ಸಮೀಕರಣ ಸಹಿತ ಬರೆದುಕೊಳ್ಳಬೇಕು.

ಸಮೀಕರಣ ಕಣ್ಣೆದುರು ಇದ್ದರೆ ಉಳಿದದ್ದು ಸುಲಭ. ಆಮ್ಲವಾದರೆ ಅದರ ಒಂದು ಅಣು ಆ ಕ್ರಿಯೆಯಲ್ಲಿ ಎಷ್ಟು ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುತ್ತದೆ, ಉತ್ಕರ್ಷಣಕಾರಿಯಾದರೆ ಎಷ್ಟು ಎಲೆಕ್ಟ್ರಾನ್‌ಗಳನ್ನು ಪಡೆಯುತ್ತದೆ ಎಂದು ಎಣಿಸಿ, ಅಣುತೂಕವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಈಕ್ವಿವಲೆಂಟ್ ತೂಕ ಸಿಗುತ್ತದೆ. ಮೋಲಾರಿಟಿಯನ್ನು, ಅಂದರೆ ಒಂದು ಲೀಟರ್ ದ್ರಾವಣದಲ್ಲಿರುವ ಮೋಲ್‌ಗಳ ಸಂಖ್ಯೆಯನ್ನು, ಅದೇ ಸಂಖ್ಯೆಯಿಂದ ಗುಣಿಸಿದರೆ ನಾರ್ಮಾಲಿಟಿ ಬರುತ್ತದೆ. ಫಾಸ್ಫಾರಿಕ್ ಆಮ್ಲದಲ್ಲಿ ಮೂರು ಹೈಡ್ರೋಜನ್‌ಗಳಿದ್ದರೂ, ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ಅನುಮಾಪನ (ಹನಿಹನಿಯಾಗಿ ಸೇರಿಸಿ ಅಳೆಯುವ ಟೈಟ್ರೇಷನ್) ಮಾಡುವಾಗ, ಕೊನೆಯ ಹಂತವನ್ನು ಬಣ್ಣದಿಂದ ತೋರಿಸುವ ಸೂಚಕವಾಗಿ ಮೀಥೈಲ್ ಆರೆಂಜ್ ಬಳಸಿದರೆ ಒಂದನ್ನು, ಫಿನಾಲ್ಫ್ಥಲೀನ್ ಬಳಸಿದರೆ ಎರಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಪೊಟ್ಯಾಸಿಯಂ ಪರ್ಮಾಂಗನೇಟ್ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. ಆಮ್ಲೀಯ ಮಾಧ್ಯಮದಲ್ಲಿ ಅದು ಐದು ಎಲೆಕ್ಟ್ರಾನ್‌ಗಳನ್ನು ಪಡೆದು ಮ್ಯಾಂಗನೀಸ್ ಅಯಾನಾಗುವುದರಿಂದ 158 ಅಣುತೂಕದ ಈ ಲವಣದ ಈಕ್ವಿವಲೆಂಟ್ ತೂಕ 31.6; ತಟಸ್ಥ ಮಾಧ್ಯಮದಲ್ಲಿ ಮೂರನ್ನು ಮಾತ್ರ ಪಡೆದು ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಆಗುವುದರಿಂದ ಅದು 52.7. ಅಂದರೆ 0.02 ಮೋಲಾರ್ ದ್ರಾವಣದ ಒಂದೇ ಬಾಟಲಿ ಒಂದು ಪ್ರಯೋಗಕ್ಕೆ 0.1 ನಾರ್ಮಲ್, ಇನ್ನೊಂದಕ್ಕೆ 0.06 ನಾರ್ಮಲ್.

ಪರ್ಮಾಂಗನೇಟನ್ನು ತೂಗಿ ನೇರವಾಗಿ ನಿಖರ ದ್ರಾವಣ ಮಾಡಲು ಬರುವುದಿಲ್ಲ, ಏಕೆಂದರೆ ನೀರಿನಲ್ಲಿರುವ ಸಾವಯವ ಕಲ್ಮಶಗಳೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಅಪಕರ್ಷಿಸುತ್ತವೆ. ಆಕ್ಸಾಲಿಕ್ ಆಮ್ಲದೆದುರು ಅದನ್ನು ಪರೀಕ್ಷಿಸಿಯೇ ಬಳಸಬೇಕು. ಎರಡು ನೀರಿನ ಅಣುಗಳುಳ್ಳ ಆಕ್ಸಾಲಿಕ್ ಆಮ್ಲದ ಹರಳಿನ ಈಕ್ವಿವಲೆಂಟ್ ತೂಕ 63.03 ಆಗಿರುವುದರಿಂದ, 1.576 ಗ್ರಾಂ ಹರಳನ್ನು 250 ಮಿಲಿಲೀಟರಿನ ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ ಕರಗಿಸಿ ಗುರುತಿನವರೆಗೆ ನೀರು ತುಂಬಿದರೆ 0.1 ನಾರ್ಮಲ್ ದ್ರಾವಣ ಸಿದ್ಧವಾಗುತ್ತದೆ. ಅದರಿಂದ 20 ಮಿಲಿಲೀಟರನ್ನು ಪಿಪೆಟ್ಟಿನಲ್ಲಿ ತೆಗೆದು, ದುರ್ಬಲಗೊಳಿಸಿದ ಗಂಧಕಾಮ್ಲ ಸೇರಿಸಿ, 60ರಿಂದ 70 ಡಿಗ್ರಿಯವರೆಗೆ ಕಾಯಿಸಿ ಬ್ಯುರೆಟ್ಟಿನಿಂದ ಪರ್ಮಾಂಗನೇಟ್ ಬಿಡಬೇಕು. ಮೊದಲ ಕೆಲವು ಹನಿಗಳ ಬಣ್ಣ ನಿಧಾನವಾಗಿ ಮಾಯವಾಗುತ್ತದೆ. ಮ್ಯಾಂಗನೀಸ್ ಅಯಾನುಗಳು ಹುಟ್ಟಿ ತಾವೇ ವೇಗವರ್ಧಕವಾದ ಮೇಲೆ ಕ್ರಿಯೆ ಚುರುಕಾಗುವುದರಿಂದ ಆರಂಭದಲ್ಲಿ ಅವಸರ ಸಲ್ಲದು. ಆಮ್ಲ ಸಾಲದೆ ಹೋದರೆ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ: ಅಲ್ಲಿ ಐದು ಎಲೆಕ್ಟ್ರಾನ್‌ಗಳ ಲೆಕ್ಕವೇ ಕೆಟ್ಟಿತೆಂದು ತಿಳಿದು ಆ ಪ್ರಯೋಗವನ್ನು ಬಿಟ್ಟುಬಿಡಬೇಕು. ನಸುಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಅದೇ ಕೊನೆಯ ಹಂತ.

ಬ್ಯುರೆಟ್ 19.6 ಮಿಲಿಲೀಟರ್ ತೋರಿಸಿದರೆ, 0.1ನ್ನು 20ರಿಂದ ಗುಣಿಸಿ 19.6ರಿಂದ ಭಾಗಿಸಿದಾಗ ಪರ್ಮಾಂಗನೇಟಿನ ನಾರ್ಮಾಲಿಟಿ 0.102, ಅದನ್ನು ಐದರಿಂದ ಭಾಗಿಸಿದಾಗ ಮೋಲಾರಿಟಿ 0.0204. ಎರಡು ಮೋಲ್ ಪರ್ಮಾಂಗನೇಟಿಗೆ ಐದು ಮೋಲ್ ಆಕ್ಸಾಲಿಕ್ ಆಮ್ಲ ಎಂಬ ಅನುಪಾತದಿಂದ ಮತ್ತೊಮ್ಮೆ ಲೆಕ್ಕ ಮಾಡಿದರೂ ಇದೇ ಉತ್ತರ ಬರಬೇಕು. ಈ ತಾಳೆಯನ್ನು ಎಂದೂ ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ರಿಯೆ ಬದಲಾದಂತೆ ನಾರ್ಮಾಲಿಟಿಯೂ ಬದಲಾಗುವ ಈ ಅಸ್ಥಿರತೆಯ ಕಾರಣದಿಂದಲೇ, ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆಯಾದ ಐಯುಪಿಎಸಿ ಅದರ ಬಳಕೆಯನ್ನು ಪ್ರೋತ್ಸಾಹಿಸುವುದಿಲ್ಲ. ಆದರೂ ಮಣ್ಣಿನ ಸಾವಯವ ಇಂಗಾಲವನ್ನು ಅಳೆಯುವ ವಾಕ್ಲಿ–ಬ್ಲ್ಯಾಕ್ ವಿಧಾನದ ಸೂಚನೆಗಳಲ್ಲಿ ಇಂದಿಗೂ 1 ನಾರ್ಮಲ್ ಪೊಟ್ಯಾಸಿಯಂ ಡೈಕ್ರೋಮೇಟ್ ಎಂದೇ ಇರುವುದರಿಂದ ಅದನ್ನು ಓದಲು ಬರಲೇಬೇಕು. ಅಂಥ ದ್ರಾವಣ ಮಾಡಿದಾಗ ಬಾಟಲಿಯ ಚೀಟಿಯ ಮೇಲೆ ‘1 ನಾರ್ಮಲ್’ ಎಂದಷ್ಟೇ ಬರೆಯದೆ, ‘ಲೀಟರಿಗೆ 49.04 ಗ್ರಾಂ, 0.1667 ಮೋಲಾರ್, ಆಮ್ಲೀಯ ಮಾಧ್ಯಮ, ಆರು ಎಲೆಕ್ಟ್ರಾನ್’ ಎಂಬ ವಿವರವನ್ನೂ ತಯಾರಿಸಿದ ದಿನಾಂಕವನ್ನೂ ಸೇರಿಸಬೇಕು.