ಹಾರ್ನೆಸ್ ಹಾಕುವ ಮುಂಚೆ ಕೆಳಗೆ ಎಷ್ಟು ಜಾಗ ಇದೆ ನೋಡಿ

ದುಬೈಗೆ ಬಂದು ಸ್ಕ್ಯಾಫೋಲ್ಡಿಂಗ್ ಕೆಲಸಕ್ಕೆ ಸೇರುವ ನಮ್ಮ ಊರ ಹುಡುಗರು ಮೊದಲು ಕೇಳುವುದು ಓವರ್‌ಟೈಮ್ ಬಗ್ಗೆ. ಕೇಳಿ, ತಪ್ಪಿಲ್ಲ. ಆದರೆ ಸ್ಟೋರಿನಲ್ಲಿ ಕೈಗೆ ಸಿಕ್ಕ ಹಾರ್ನೆಸ್ (ಬಿದ್ದರೆ ತಡೆಯಲು ಮೈಗೆ ಕಟ್ಟಿಕೊಳ್ಳುವ ಪಟ್ಟಿ) ಹಾಕಿಕೊಂಡು ಸುಮ್ನೆ ಹತ್ತಬೇಡಿ. ಅದರ ಖರ್ಚು ಕಂಪನಿಯದು, ಚೆನ್ನಾಗಿರುವುದನ್ನೇ ಕೇಳಿ.

ಬರೀ ಸೊಂಟದ ಬೆಲ್ಟ್ ಕೊಟ್ಟರೆ ವಾಪಸ್ ಕೊಡಿ. ಬಿದ್ದರೆ ಏಟೆಲ್ಲ ಹೊಟ್ಟೆಗೆ, ಬೆನ್ನುಮೂಳೆಗೆ. ಭುಜ, ಎದೆ, ತೊಡೆಗೆ ಪಟ್ಟಿ ಇರುವ ಫುಲ್ ಬಾಡಿ ಹಾರ್ನೆಸ್ ಬೇಕು, ಲೇಬಲ್ ಮೇಲೆ ಇಎನ್ 361 (EN 361, ಇಂಥ ಹಾರ್ನೆಸ್ಸಿನ ಯುರೋಪಿನ ಮಾನದಂಡ) ಅಂತ ನೋಡಿ. ಲೇಬಲ್ ಅಳಿಸಿಹೋಗಿದ್ದರೆ ಅದೂ ಬೇಡ. ತೊಡೆಯ ಪಟ್ಟಿಯೊಳಗೆ ಅಂಗೈ ಚಪ್ಪಟೆಯಾಗಿ ಹೋಗಬೇಕು, ಮುಷ್ಟಿ ಹೋಗಬಾರದು.

ನನಗೆ ಮೊದಲ ವಾರ ಪೇಂಟ್ ಮೆತ್ತಿದ್ದ ಒಂದು ಹಾರ್ನೆಸ್ ಕೊಟ್ಟಿದ್ದರು. ನಮ್ಮ ಫೋರ್ಮನ್, ಕೇರಳದ ಚೇಟ, ಅದರ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಮಾನಿನ ಹಾಗೆ ಬಗ್ಗಿಸಿದರು. ಪೇಂಟ್ ಬಿರುಕು ಬಿಟ್ಟಿತು, ಒಳಗೆ ಅರ್ಧ ಇಂಚು ನೂಲು ಕತ್ತರಿಸಿಹೋಗಿತ್ತು! ಈಗಲೂ ದಿನಾ ಬೆಳಿಗ್ಗೆ ಪಟ್ಟಿ ಪೂರ್ತಿ ಹಾಗೇ ಬಗ್ಗಿಸಿ ನೋಡುತ್ತೇನೆ.

ಇನ್ನು ಹೆಚ್ಚಿನವರಿಗೆ ಗೊತ್ತಿಲ್ಲದ ಲೆಕ್ಕ. ಲ್ಯಾನ್ಯಾರ್ಡ್, ಅಂದರೆ ಹಾರ್ನೆಸ್ಸಿನ ಬೆನ್ನಿನ ರಿಂಗಿನಿಂದ ಹುಕ್‌ವರೆಗಿನ ಹಗ್ಗ, 2 ಮೀಟರ್. ಬಿದ್ದಾಗ ಅದರ ಶಾಕ್ ಅಬ್ಸಾರ್ಬರಿನ (ಏಟು ತಗ್ಗಿಸಲು ಮಡಚಿ ಹೊಲಿದ ಪಟ್ಟಿ) ಹೊಲಿಗೆ ಬಿಚ್ಚಿಕೊಂಡು ಇನ್ನೂ 1.75 ಮೀಟರ್‌ವರೆಗೆ ಉದ್ದವಾಗುತ್ತದೆ. ಬೆನ್ನಿನ ರಿಂಗಿನಿಂದ ಪಾದಕ್ಕೆ ಸುಮಾರು 1.5, ಪಾದದ ಕೆಳಗೆ ಇನ್ನೂ 1 ಮೀಟರ್ ಜಾಸ್ತಿ ಇರಲಿ. ಹುಕ್ ಹಾಕಿದ ಜಾಗದಿಂದ ಕೆಳಗೆ 6.25 ಮೀಟರ್ ಖಾಲಿ ಬೇಕಾಯಿತಲ್ವಾ? 4 ಮೀಟರ್ ಎತ್ತರದಲ್ಲಿ ನಿಂತು ಕಾಲ ಹತ್ತಿರ ಹುಕ್ ಹಾಕಿದರೆ, ಹಗ್ಗ ಪೂರ್ತಿ ಹಿಡಿದು ನಿಲ್ಲಿಸುವ ಮುಂಚೆ ನೀವು ನೆಲದಲ್ಲಿ. ಅದಕ್ಕೇ ಹುಕ್ ಯಾವಾಗಲೂ ತಲೆಯ ಮೇಲೆ, ಗಟ್ಟಿ ಬೀಮಿಗೆ ಹಾಕಿ. ಪೈಪ್‌ಲೈನು, ಕೇಬಲ್ ಟ್ರೇ ನಂಬಬೇಡಿ. ಎತ್ತರ ಕಮ್ಮಿ ಇದ್ದರೆ ಕಾರಿನ ಸೀಟ್‌ಬೆಲ್ಟ್ ಹಾಗೆ ತಾನೇ ಲಾಕ್ ಆಗುವ ರಿಟ್ರ್ಯಾಕ್ಟಬಲ್ ಬ್ಲಾಕ್ ಕೇಳಿ. ಮೇಲೆ ತೂಗುಹಾಕಿದರೆ ಬೇಗ ಹಿಡಿಯುತ್ತದೆ.

ಸ್ಕ್ಯಾಫೋಲ್ಡಿಂಗ್ ಮೇಲೆ ಓಡಾಡುವವರಿಗೆ ಎರಡು ಹುಕ್ಕಿನ ಲ್ಯಾನ್ಯಾರ್ಡೇ ಬೇಕು, ಒಂದು ಸಿಕ್ಕಿಸಿಯೇ ಇನ್ನೊಂದು ಬಿಚ್ಚಬೇಕು. ವೆಲ್ಡಿಂಗ್ ಹುಡುಗರು ಕಿಡಿ ತಡೆಯುವ ಬೇರೆ ಜಾತಿಯದು ಕೇಳಿ, ಮಾಮೂಲಿ ಪಾಲಿಯೆಸ್ಟರ್ ಕರಗುತ್ತದೆ. ತೂಕ 100 ಕೆಜಿ ದಾಟಿದ್ದರೆ ನಾಚಿಕೆ ಬಿಟ್ಟು ಹೇಳಿ, ಉಪಕರಣಗಳ ತೂಕವೂ ಸೇರಿಸಿ. ಒಮ್ಮೆ ಬಿದ್ದು ಎಳೆದ ಹಾರ್ನೆಸ್, ಲ್ಯಾನ್ಯಾರ್ಡ್ ಮತ್ತೆ ಬಳಸಬೇಡಿ.

ಸ್ಟೋರಿನಲ್ಲಿ ಇಂಗ್ಲಿಷ್ ಬರಬೇಕಂತಿಲ್ಲ. "ಭಾಯ್, ಡಬಲ್ ಹುಕ್‌ವಾಲಾ ದೇದೋ" ಅಂದರೆ ಸಾಕು.